ಮೂವತ್ತೆಂಟು ಸುತ್ತು ಓಡಿಸಿದವರು ಯಾರು

ಮಾರ್ಚ್ 9, ಭಾನುವಾರ. ಬೆಳಗ್ಗೆ 7:40ಕ್ಕೆ ಬರೆಯಲು ಕೂತೆ. ರೂಮು ಖಾಲಿ ಮಾಡಲೆಂದು ಅಟ್ಟದಿಂದ ಡಬ್ಬ ಇಳಿಸಿದಾಗ ಹಳೆಯ ಗೇಮಿಂಗ್ ಸ್ಟೀರಿಂಗ್ ಸಿಕ್ಕಿತು. ಅದರ ಸುತ್ತ ಹಸಿರು, ಹಳದಿ ಪ್ಲಾಸ್ಟಿಕ್ ವೈರಿನ ಹೆಣಿಗೆ, ಬಸ್ಸು ಲಾರಿಯವರು ಹಾಕಿಸಿಕೊಳ್ಳುವಂಥದ್ದು. ಮೂಸಿದರೆ ಇನ್ನೂ ಕೊಬ್ಬರಿ ಎಣ್ಣೆಯ ವಾಸನೆ... ನೆನಪಿಗಿಂತ ಮೊದಲು ಸಿಟ್ಟು ಬಂತು.

ಹೆಣೆದವರು ಪಕ್ಕದ ರೂಮಿನ ಅಣ್ಣ. ಬಾಗಲಕೋಟೆ ಕಡೆಯವರು. ಅತ್ತಿಬೆಲೆಯಿಂದ ಒಂದು ಕಾರ್ಖಾನೆಗೆ ಶಿಫ್ಟಿನ ಬಸ್ಸು ಓಡಿಸುತ್ತಿದ್ದರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರನ್ನು ಕೇಳದೆ ಆ ಹೆಸರಿನ ಜೊತೆ ನಾವು ಆಡಿದ್ದು ಸಾಕು.

ಮೂರು ವರ್ಷದ ಹಿಂದೆ ಎಲೆಕ್ಟ್ರಾನಿಕ್ ಸಿಟಿಯ ಒಂದೇ ಆಫೀಸಿನ ನಾವು ಮೂವರು ಕಂಪ್ಯೂಟರಿನಲ್ಲಿ ಕಾರ್ ರೇಸು ಓಡಿಸುತ್ತಿದ್ದೆವು. ಆರು ಗಂಟೆಯ ರೇಸು, ಒಂದೇ ಕಾರು, ನಾಲ್ವರು ಸರದಿಯಂತೆ ಸೀಟಿನಲ್ಲಿ ಕೂರಬೇಕು. ಆಫೀಸಿನಲ್ಲಿ ನನಗಿಂತ ಮೇಲಿನವನೇ ಇಲ್ಲೂ ಕ್ಯಾಪ್ಟನ್. ನಾನು ಓಡಿಸುವುದರ ಜೊತೆಗೆ ಪುಸ್ತಕ ಬರೆಯುತ್ತಿದ್ದೆ: ಪ್ರತಿ ಸುತ್ತಿನ ಸಮಯ, ಯಾರು ಓಡಿಸಿದರು, ಟೈರು ಎಷ್ಟು ಸವೆಯಿತು. ನಾಲ್ಕನೆಯವರು ಸಿಕ್ಕಿರಲಿಲ್ಲ. ಒಂದು ಸಂಜೆ ಅಣ್ಣ ಬಾಗಿಲು ತಟ್ಟಿದರು.

"ತಮ್ಮಾ, ಒಂದ್ ತಾಸಿಂದ ಕೇಳಾಕತ್ತೀನಿ. ಯಾವನೋ ಗಾಡಿ ಕೊಲ್ಲಾಕತ್ತಾನಲ್ಲ! ಗೇರ್ ಹಾಕಾಕ ಬರೂದಿಲ್ಲೇನು ಅವಂಗ?"

ಅವನು ನಾನೇ.

ನಾಲ್ಕನೆಯವರಾಗಿ ಕೂತ ಮೊದಲ ದಿನ ಅಣ್ಣ ಹನ್ನೊಂದು ಸಲ ಕಾರನ್ನು ಟ್ರ್ಯಾಕಿನ ಗೋಡೆಗೆ ಗುದ್ದಿಸಿದರು, ಬರೆದಿಟ್ಟಿದ್ದೇನೆ. ಮೂರನೇ ತಿಂಗಳಿಗೆ, ನಲವತ್ತು ಸುತ್ತು ಓಡಿಸಿದರೂ ಅವರ ವೇಗದ ಸುತ್ತಿಗೂ ನಿಧಾನದ ಸುತ್ತಿಗೂ ಅರ್ಧ ಸೆಕೆಂಡಿನ ಅಂತರವೂ ಇರುತ್ತಿರಲಿಲ್ಲ. ಬ್ರೇಕನ್ನು ನಮಗಿಂತ ಮುಂಚೆ, ಬಹಳ ಮೆತ್ತಗೆ ಒತ್ತುತ್ತಿದ್ದರು, ಹಿಂದೆ ನಿಂತಿರುವ ಜನ ಮುಗ್ಗರಿಸಬಾರದು ಎಂಬಂತೆ. ಸೀಟು ಬಿಡುವಾಗ ಬಸ್ಸು ಒಪ್ಪಿಸುವ ಹಾಗೆಯೇ ಒಪ್ಪಿಸುತ್ತಿದ್ದರು: "ಎಡಗಡೆ ಮುಂದಿನ ಟೈರ್ ಸೊರಗೇತಿ. ಅದರ ಜೀವಾ ತಗೀಬ್ಯಾಡ."

ರೇಸು ಒಂದು ಭಾನುವಾರ ಬೆಳಗ್ಗೆ ಹತ್ತಕ್ಕೆ, ಕ್ಯಾಪ್ಟನ್ ಮನೆಯಲ್ಲಿ. ಫೋನಿನಲ್ಲಿ ಯಾರು ಬೇಕಾದರೂ ನೇರ ನೋಡಬಹುದಿತ್ತು. ಪರದೆ ಮೇಲೆ ತಮ್ಮ ಹೆಸರು ಬರುತ್ತದೆ ಎಂದು ಅಣ್ಣ ವಾರವಿಡೀ ಬಸ್ಸಿನವರಿಗೆಲ್ಲ ಹೇಳಿದ್ದರು. ಅವರದು ಕೊನೆಯ ಸರದಿ. ಮೂರನೆಯದು ಕ್ಯಾಪ್ಟನ್‌ದು. ಅವನು ಇಪ್ಪತ್ತು ನಿಮಿಷದಲ್ಲಿ ಎರಡು ಸಲ ಕಾರನ್ನು ಗಿರಕಿ ಹೊಡೆಸಿದ. ಇನ್ನು ತನ್ನಿಂದ ಆಗದು ಎಂದ. ಆದರೆ ಪ್ರತಿಯೊಬ್ಬರೂ ಕನಿಷ್ಠ ಒಂದು ಗಂಟೆ ಓಡಿಸಲೇಬೇಕೆಂಬ ನಿಯಮವಿತ್ತು. 1:20ಕ್ಕೆ ಕಾರನ್ನು ಟೈರು ಬದಲಿಸುವ ಪಿಟ್‌ನಲ್ಲಿ ನಿಲ್ಲಿಸಿ, ಪರದೆಯಲ್ಲಿ ತನ್ನ ಹೆಸರು ಹಾಗೇ ಇರುವಂತೆ ಎದ್ದುಬಿಟ್ಟ.

"ಗುರು, ನೀನ್ ಕೂತ್ಕೋ. ನನ್ ಐಡಿಲೇ ಓಡ್ಸು."

"ನನ್ನ ಹೆಸರು ಹಾಕ್ರಿ ಸರ, ಕುಂದರ್ತೀನಿ."

"ಅಯ್ಯೋ, ಯಾರ ಐಡಿ ಆದ್ರೇನ್ ಗುರು, ಟೀಮ್ ಒಂದೇ ತಾನೆ? ಟೈಮ್ ಹೋಗ್ತಿದೆ!"

ಅಣ್ಣ ನನ್ನ ಕಡೆ ನೋಡಿದರು. "ಕೂತ್ಕೊಳ್ಳಿ ಅಣ್ಣ" ಎಂದೆ. ನಾನೇ ಎಂದೆ.

ಕ್ಯಾಪ್ಟನ್ ಹೆಸರಿನಲ್ಲಿ ಎಪ್ಪತ್ತು ನಿಮಿಷ, ಆಮೇಲೆ ತಮ್ಮ ಹೆಸರಿನಲ್ಲಿ ತೊಂಬತ್ತು. ನಡುವೆ ಒಂದು ಲೋಟ ನೀರು. ನಾವು ಮೂರನೇ ಸ್ಥಾನಕ್ಕೆ ಬಂದೆವು.

ಬುಧವಾರ ಆಯೋಜಕರು ಕೇಳಿದರು: ಕ್ಯಾಪ್ಟನ್ ಹೆಸರಿನಲ್ಲಿರುವ ಮೂವತ್ತೆಂಟು ಸುತ್ತುಗಳಲ್ಲಿ ಬ್ರೇಕ್ ಒತ್ತಿದ ರೀತಿ ಮುಂದಿನ ಸರದಿಯವರದೇ ಥರ ಇದೆ, ಏಕೆ? ತಾನು ಊಟಕ್ಕೆ ಎದ್ದಾಗ ತನ್ನನ್ನು ಕೇಳದೆ ಅವರು ಕೂತುಬಿಟ್ಟರು ಎಂದು ಕ್ಯಾಪ್ಟನ್ ಉತ್ತರ ಬರೆದ. ಸಾಕ್ಷಿಗೆ ನನ್ನ ಪುಸ್ತಕದ ಪುಟ ಬೇಕಾಯಿತು. ಅದರಲ್ಲಿ ಹೀಗಿತ್ತು: "ಸುತ್ತು 109ರಿಂದ 146: ಅಣ್ಣ, ಕ್ಯಾಪ್ಟನ್ ಐಡಿಯಲ್ಲಿ, ಕ್ಯಾಪ್ಟನ್ ಹೇಳಿದ್ದಕ್ಕೆ."

"ಕೊನೇ ಎರಡು ಪದ ಬಿಟ್ಟು ಬೇರೆ ಹಾಳೇಲಿ ಇನ್ನೊಂದ್ಸಲ ಬರಿ ಮಗಾ. ಸುಳ್ಳೇನ್ ಬರೀಬೇಡ. ಬಿಟ್ಬಿಡು, ಅಷ್ಟೆ."

ಬಿಟ್ಟೆ.

ಆಯೋಜಕರು ಅಣ್ಣನಿಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಒಂದೇ ಒಂದು! ಆ ಸುತ್ತುಗಳನ್ನು ಕಳೆದು ನಮ್ಮನ್ನು ಒಂಬತ್ತಕ್ಕೆ ಇಳಿಸಿದರು. ಅಣ್ಣನಿಗೆ ಶಾಶ್ವತ ನಿಷೇಧ, ಹೆಸರು ಹಾಕಿ ಪ್ರಕಟಣೆ. ಭಾನುವಾರ ಆ ಹೆಸರು ನೋಡಿ ಚಪ್ಪಾಳೆ ತಟ್ಟಿದ್ದ ಬಸ್ಸಿನವರಿಗೆ ಇದೂ ಸಿಕ್ಕಿತು. ಮರುವಾರ ಅಣ್ಣ ನನ್ನ ಬಾಗಿಲಲ್ಲಿ ನಿಂತಿದ್ದರು.

"ಬಸ್ ಹತ್ತೂಮುಂದನ ಕೇಳ್ತಾರ ತಮ್ಮಾ, 'ಏನ್ ಡ್ರೈವರಣ್ಣ, ಇವತ್ ಯಾರ ಬಸ್ ತಂದ್ಬಿಟ್ಟೆ, ಓನರ್‌ಗೆ ಗೊತ್ತಾ' ಅಂತ. ನಾನೂ ನಕ್ಕೆ. ಎಷ್ಟ್ ದಿನ ನಗೂದು? ನೀ ಎಲ್ಲಾ ಬರದಿಟ್ಟಿರ್ತಿ ಅಲ್ಲ? ಪುಸ್ತಕ ಕೊಡು, ನಾಳೆ ಬಸ್ಸಿನ್ಯಾಗ ತೋರಸ್ತೀನಿ."

"ಆಫೀಸಲ್ಲೇ ಬಿಟ್ಬಂದಿದೀನಿ ಅಣ್ಣ."

ಪುಸ್ತಕ ನನ್ನ ಹಿಂದೆ ಮಂಚದ ಮೇಲಿತ್ತು. ಅವರು ಅದನ್ನು ನೋಡಿದರು.

"ಆತು ಬಿಡು" ಎಂದರು.

ಹದಿನಾರನೇ ದಿನ ರೂಮು ಬಿಟ್ಟರು. ಆ ಹದಿನಾರು ದಿನದಲ್ಲಿ ಮೆಟ್ಟಿಲಲ್ಲಿ ಐದು ಸಲ ಎದುರಾದರು. ಐದು ಸಲವೂ "ಊಟ ಆತೇನು" ಎಂದು ಕೇಳಿದರು. ಅದಕ್ಕೂ ನನಗೆ ಸಿಟ್ಟಿದೆ. ಬೈಯಬೇಕಿತ್ತು. ಕೊರಳಪಟ್ಟಿ ಹಿಡಿಯಬೇಕಿತ್ತು. ಎರಡು ಹೆಜ್ಜೆ ಒಳಗೆ ಬಂದಿದ್ದರೆ ಪುಸ್ತಕ ಕೈಗೆ ಸಿಗುತ್ತಿತ್ತು, ನಾನು ತಡೆಯುತ್ತಿರಲಿಲ್ಲ... ಎಂದು ಈಗ ಬರೆಯುವುದು ಸುಲಭ.

ಇಂದು 9:05ಕ್ಕೆ ಮೂಲ ಪುಟದ ಚಿತ್ರವನ್ನು ಆಯೋಜಕರಿಗೆ ಕಳುಹಿಸಿದೆ. ಅಂಥ ವಿಳಾಸವೇ ಇಲ್ಲವೆಂದು ತಿರುಗಿ ಬಂತು. ಕ್ಯಾಪ್ಟನ್‌ಗೂ ಕಳುಹಿಸಿದೆ. "ಅದೊಂದು ಗೇಮ್ ಕಣೋ, ಇನ್ನೂ ಇಟ್ಕೊಂಡಿದೀಯಾ?" ಎಂದು ಬರೆದ. ಅಣ್ಣನ ಹಳೆಯ ನಂಬರಿನಲ್ಲಿ ಯಾರೋ ಹೆಂಗಸು ತಮಿಳಿನಲ್ಲಿ ಮಾತಾಡಿದರು.

ಅತ್ತಿಬೆಲೆಯಿಂದ ಬೆಳಗಿನ ಶಿಫ್ಟಿನ ಬಸ್ಸಿನಲ್ಲಿ ಹೋಗುತ್ತಿದ್ದವರು ಇದನ್ನು ಓದಿದರೆ, ಅಣ್ಣ ಈಗ ಎಲ್ಲಿ ಓಡಿಸುತ್ತಿದ್ದಾರೆಂದು ಗೊತ್ತಿದ್ದರೆ, ದಯವಿಟ್ಟು ಬರೆಯಿರಿ. ಗೊತ್ತಿಲ್ಲದಿದ್ದರೂ ಬರೆಯಿರಿ, ಪುಟ ಕಳುಹಿಸುತ್ತೇನೆ. ಬಸ್ಸಿನ ಮೆಟ್ಟಿಲ ಮೇಲೆ 'ಓನರ್‌ಗೆ ಗೊತ್ತಾ' ಎಂದು ಅವರನ್ನು ಕೇಳಿ ನಕ್ಕವರು ನೀವಾಗಿದ್ದರೆ, ಅವರಿಗಿಂತ ಮೊದಲು ಆ ಪುಟ ನೋಡಬೇಕಾದವರು ನೀವೇ.