ಐದು ಹೆಜ್ಜೆ ದೂರ

ಆಟ ಮುಗಿದ ಕೂಡಲೇ ಮೈದಾನದಿಂದ ಜಾಗ ಖಾಲಿ ಮಾಡುವವನು ಜಾಣ ರೆಫರಿ. ಗೆದ್ದವರಿಗೆ ಅವನ ನೆನಪಿರುವುದಿಲ್ಲ, ಸೋತವರು ಅವನನ್ನು ಮರೆಯುವುದಿಲ್ಲ. ನಮ್ಮ ಸ್ವಾಮಿ ಸಾರ್ ಮಾತ್ರ ಗೋಲುಕಂಬದ ಹಿಂದಿನ ಕಲ್ಲುಬೆಂಚಿನ ಮೇಲೆ ಆರಾಮಾಗಿ ಕೂತು, ಬೂಟಿನ ಲೇಸನ್ನು ಒಂದೊಂದೇ ತೂತಿನಿಂದ ಬಿಡಿಸುತ್ತ, ಗೆರೆಯ ಮೇಲೆ ಬಾವುಟ ಹಿಡಿದು ಓಡಿದ್ದ ಇಬ್ಬರು ಲೈನ್ಸ್‌ಮನ್‌ಗಳನ್ನು ಹತ್ತಿರ ಕರೆಯುತ್ತಿದ್ದರು.

"ಹೇಳ್ರಪ್ಪಾ, ಇವತ್ತು ನನ್ ತಪ್ಪು ಎಷ್ಟು?"

ಬಾಯಿಮಾತಿಗೆ ಕೇಳುತ್ತಿದ್ದುದಲ್ಲ. "ಏನಿಲ್ಲ ಸಾರ್, ಚೆನ್ನಾಗಿತ್ತು" ಅಂದರೆ ಸಿಟ್ಟು ಬರುತ್ತಿತ್ತು. "ಚೆನ್ನಾಗಿತ್ತು ಅನ್ನೋಕೆ ನಾನೇನ್ ಬಿರಿಯಾನಿ ಬಡಿಸಿದ್ನಾ?" ಎನ್ನುವರು. ಆಮೇಲೆ ನಾವು ಹೆದರುತ್ತ ಹೆದರುತ್ತ ಒಂದು ಥ್ರೋ ಉಲ್ಟಾ ತಂಡಕ್ಕೆ ಕೊಟ್ಟಿದ್ದನ್ನೋ, ಹನ್ನೊಂದನೇ ನಂಬರಿನವನು ಮೊಣಕೈಯಿಂದ ತಿವಿದದ್ದು ಅವರಿಗೆ ಕಾಣದೆ ಹೋದದ್ದನ್ನೋ ಹೇಳುತ್ತಿದ್ದೆವು. ಅವರು ಬೆರಳು ಮಡಿಸಿಕೊಳ್ಳುತ್ತ ಕೇಳುತ್ತಿದ್ದರು. ನಮ್ಮ ತಪ್ಪುಗಳನ್ನು ಮಾತ್ರ ಎಂದೂ ಎತ್ತಿ ಆಡಲಿಲ್ಲ. "ನಿಮ್ದು ನೀವೇ ಹೇಳ್ಬೇಕು ತಂಬಿ. ನಾನ್ ಹೇಳಿದ್ರೆ ಬೈದಂಗೆ, ನೀವ್ ಹೇಳಿದ್ರೆ ಕಲ್ತಂಗೆ."

ಪೂರ್ತಿ ಹೆಸರು ಆರೋಗ್ಯಸ್ವಾಮಿ. ಹಲಸೂರು ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಎರಡು ಕೋಣೆಯ ಮನೆ. ಸರ್ಕಾರಿ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು. ಸಣಕಲು ಮೈ, ಕಡುಕಪ್ಪು ಬಣ್ಣ, ಅರವತ್ತು ದಾಟಿದರೂ ಇಪ್ಪತ್ತರ ಹುಡುಗರ ಜೊತೆ ಓಡುವ ಕಾಲು. ಮನೆಯಲ್ಲಿ ತಮಿಳು, ನಮ್ಮ ಹತ್ತಿರ ಕನ್ನಡ, ಫ್ರೇಜರ್ ಟೌನಿನ ತಂಡಗಳ ಜೊತೆ ದಖ್ಖನಿ ಉರ್ದು, ಫುಟ್‌ಬಾಲ್ ಸಮಿತಿಯವರ ಮುಂದೆ ಇಂಗ್ಲಿಷ್. "ರೆಫರಿಗೆ ನಾಲ್ಕು ಭಾಷೇಲೂ ಕಿವಿ ಇರ್ಬೇಕು, ಒಂದ್ ಭಾಷೇಲೂ ಬಾಯಿ ಇರ್ಬಾರ್ದು" ಎನ್ನುವುದು ಅವರ ಮಾತು. ಆಗ ನಾವೆಲ್ಲ ನಗುತ್ತಿದ್ದೆವು.

ನಾನು ಶಿವಾಜಿನಗರದ ಒಂದು ಔಷಧದಂಗಡಿಯಲ್ಲಿ ಕೌಂಟರಿನಲ್ಲಿ ನಿಲ್ಲುವವನು. ಮನೆ ಸಿ.ವಿ. ರಾಮನ್ ನಗರ. ರೆಫರಿ ಪರೀಕ್ಷೆ ಪಾಸು ಮಾಡಿ ಭಾನುವಾರಗಳಂದು ಬಾವುಟ ಹಿಡಿಯಲು ಶುರುಮಾಡಿದ ಮೊದಲ ವರ್ಷವೇ ಒಂದು ಟೂರ್ನಿಯ ಫೈನಲ್‌ನಲ್ಲಿ ಎಡವಟ್ಟು ಮಾಡಿದೆ. ಒಳ್ಳೆಯ ಗೋಲಿಗೆ ಆಫ್‌ಸೈಡ್ ಎಂದು ಬಾವುಟ ಎತ್ತಿಬಿಟ್ಟೆ. ಸ್ವಾಮಿ ಸಾರ್ ನನ್ನನ್ನು ಒಂದು ಕ್ಷಣ ನೋಡಿ ಸೀಟಿ ಊದಿದರು. ಗೋಲು ಹೋಯಿತು, ಕಪ್ಪೂ ಹೋಯಿತು. ಚಪ್ಪಲಿಗಳು ಹಾರಿ ಬಂದವು. ಒಂದು ಅವರ ಬೆನ್ನಿಗೇ ಬಿತ್ತು.

ಸಂಜೆ ಟೀ ಅಂಗಡಿಯಲ್ಲಿ ನಾನೇ ಬಾಯಿಬಿಟ್ಟೆ. "ಸಾರ್, ಅದು ಆಫ್‌ಸೈಡ್ ಅಲ್ಲ."

"ಗೊತ್ತು."

"ಗೊತ್ತಿದ್ದೂ ಊದಿದ್ರಾ?"

"ನಿನ್ ಬಾವುಟ ಎದ್ದಿತ್ತಲ್ಲಪ್ಪಾ. ಅಷ್ಟು ಜನದ ಮುಂದೆ ನಿನ್ ಕೈ ನಾನ್ ಇಳಿಸಿದ್ರೆ ಮುಂದಿನ ವಾರ ಆ ಕೈ ಏಳುತ್ತಾ?"

ಮಾರನೆಯ ದಿನ ಸೈಕಲ್ ತುಳಿದುಕೊಂಡು ಸೋತ ತಂಡದ ನಾಯಕನ ಮನೆಗೆ ಹೋಗಿ, ತಪ್ಪು ತಮ್ಮದೇ ಅಂತ ಹೇಳಿ ಬಂದರಂತೆ. ನನ್ನ ಹೆಸರು ಎತ್ತಲಿಲ್ಲ. ಇಂಥ ದೊಡ್ಡ ಮನುಷ್ಯ ಇನ್ನೊಬ್ಬನಿಲ್ಲ ಎಂದು ಆಗ ನಾನು ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ. ಸೋತ ಹನ್ನೊಂದು ಹುಡುಗರ ಬಗ್ಗೆ ನನಗೆ ಯೋಚನೆಯೇ ಬರಲಿಲ್ಲ.

ಡ್ಯಾನಿಯಲ್ ಬಂದದ್ದು ಅದಾಗಿ ಎರಡು ವರ್ಷಕ್ಕೆ. ಘಾನಾ ದೇಶದಿಂದ ಓದಲು ಬಂದಿದ್ದ ಹುಡುಗ. ಕೆ.ಆರ್. ಪುರದಾಚೆಯ ಕಾಲೇಜು, ರೈಲ್ವೆ ಸ್ಟೇಷನ್ ಹತ್ತಿರ ಬಾಡಿಗೆ ಕೋಣೆ. ಹಲಸೂರಿನ ತಂಡವೊಂದಕ್ಕೆ ಮುಂಚೂಣಿಯಲ್ಲಿ ಆಡುತ್ತಿದ್ದ. ಬೂಟುಗಳನ್ನು ಲೇಸಿನಿಂದ ಜೋಡಿಸಿ ಕೊರಳಿಗೆ ಹಾಕಿಕೊಂಡು ಬಸ್ಸಿನಿಂದಿಳಿದು ಬರುವನು. ಮಧ್ಯಾಹ್ನ ಮೂರೂವರೆ ಆಗಿರಲಿ, ನಾಲ್ಕಾಗಿರಲಿ, ನಮ್ಮನ್ನು ಕಂಡರೆ "ಊಟ ಆಯ್ತಾ ಸಾರ್?" ಎಂದು ಕೇಳದೆ ಮುಂದೆ ಹೋಗುತ್ತಿರಲಿಲ್ಲ.

ಒಂದು ಭಾನುವಾರ ಅವನ ತಂಡದ ಪಂದ್ಯ ನಮ್ಮ ಬೀದಿಯ ತಂಡದ ಮೇಲೆ. ಎರಡನೇ ಅರ್ಧದಲ್ಲಿ ನನ್ನ ಕಡೆಯ ಮೂಲೆಯಿಂದ ಕಾರ್ನರ್ ಕಿಕ್. ಡ್ಯಾನಿಯಲ್ ಚೆಂಡನ್ನು ಇಟ್ಟು ಎರಡು ಹೆಜ್ಜೆ ಹಿಂದೆ ಸರಿದ. ನಮ್ಮ ಬೀದಿಯ ಸತೀಶ ಅವನ ಪಕ್ಕಕ್ಕೆ ಬಂದು ನಿಂತ. ನನ್ನ ಮನೆಯಿಂದ ನಾಲ್ಕನೇ ಮನೆಯ ಹುಡುಗ ಅವನು. ಅವನ ಅಮ್ಮನ ಬಿ.ಪಿ. ಮಾತ್ರೆಯನ್ನು ಪ್ರತಿ ತಿಂಗಳು ನಾನೇ ಅಂಗಡಿಯಿಂದ ತಂದುಕೊಡುತ್ತಿದ್ದೆ. ಸತೀಶ ನಗುತ್ತಲೇ, "ಹೋಗೋ ಕರಿ ಕೋತಿ, ಮರ ಹತ್ತು ಹೋಗು" ಎಂದ. ಆ ಮಾತನ್ನು ನಾನು ಇದ್ದದ್ದಿದ್ದ ಹಾಗೆ ಬರೆಯುತ್ತಿರುವುದು ಇದೇ ಮೊದಲು. ನಾನು ಐದು ಹೆಜ್ಜೆ ದೂರದಲ್ಲಿದ್ದೆ.

ಡ್ಯಾನಿಯಲ್ ಕಾರ್ನರ್ ಹೊಡೆಯಲಿಲ್ಲ. ಸ್ವಾಮಿ ಸಾರ್ ಕಡೆ ತಿರುಗಿ, ಆ ಮಾತನ್ನೇ ಕನ್ನಡದಲ್ಲಿ ಒಂದಕ್ಷರ ತಪ್ಪದಂತೆ ಹೇಳಿದ. ಹಗ್ಗದಾಚೆ ನಿಂತಿದ್ದ ಜನ ನಕ್ಕರು. ಯಾರೋ ಕೋತಿಯ ಹಾಗೆ ಕೂಗಿದರು. ಸ್ವಾಮಿ ಸಾರ್ ಸೀಟಿ ಊದಿ ಆಟ ನಿಲ್ಲಿಸಿ, ನೇರವಾಗಿ ನನ್ನ ಹತ್ತಿರ ಬಂದರು.

"ಮಂಜು, ನಿನಗೆ ಕೇಳಿಸ್ತಾ?"

ನನ್ನ ಬೆನ್ನ ಹಿಂದೆ ಒಂದು ಹಗ್ಗ, ಹಗ್ಗದ ಹಿಂದೆ ನಮ್ಮ ಬೀದಿಯೇ ಇತ್ತು. ರಾತ್ರಿ ನಾನು ಮನೆಗೆ ಹೋಗಬೇಕಾದ ಬೀದಿ. ಅದೂ ಅಲ್ಲದೆ, ಆಟದಲ್ಲಿ ಇಂಥ ಮಾತು ಬರುತ್ತೆ ಹೋಗುತ್ತೆ ಎಂದೂ ಅನ್ನಿಸಿತು ಅಂತ ಆಮೇಲೆ ನನಗೆ ನಾನೇ ಹೇಳಿಕೊಂಡಿದ್ದೇನೆ. ನಿಜವೆಂದರೆ ಆಗ ನನಗೆ ಹೆದರಿಕೆಯ ಹೊರತು ಬೇರೇನೂ ಅನ್ನಿಸಲಿಲ್ಲ.

"ಇಲ್ಲ ಸಾರ್" ಎಂದೆ.

ಅವರು ನನ್ನನ್ನು ಒಂದು ಕ್ಷಣ ನೋಡಿದರು. ನಂತರ ತಿರುಗಿ, ಆಟ ಮುಂದುವರಿಯಲಿ ಎಂದು ಸನ್ನೆ ಮಾಡಿದರು. ಡ್ಯಾನಿಯಲ್ ಚೆಂಡನ್ನು ಅಲ್ಲೇ ಬಿಟ್ಟು ಮೈದಾನದಿಂದ ಹೊರಗೆ ನಡೆದುಬಿಟ್ಟ. ಆವತ್ತು ಕಲ್ಲುಬೆಂಚಿನ ಮೇಲೆ ಸ್ವಾಮಿ ಸಾರ್ ಲೇಸು ಬಿಡಿಸಿದರು, ಬೂಟು ಕಳಚಿದರು, ಮಣ್ಣು ಕೊಡವಿದರು. ತಪ್ಪು ಎಷ್ಟು ಎಂದು ಕೇಳಲಿಲ್ಲ.

ಡ್ಯಾನಿಯಲ್ ದೂರು ಕೊಟ್ಟ. ಶಿವಾಜಿನಗರದ ಅಂಗಡಿಯೊಂದರ ಮಹಡಿಯಲ್ಲಿ ಸಮಿತಿ ಸೇರಿತು. ಟೀ ಬಂತು, ಬಿಸ್ಕತ್ತು ಬಂತು. ರೆಫರಿಯ ವರದಿಯಲ್ಲಿ "ನಮಗೆ ಕೇಳಿಸಲಿಲ್ಲ" ಎಂದಿತ್ತು. ಸತೀಶ, "ನಾನು ಅಂದೇ ಇಲ್ಲ" ಎಂದ. ಅಧ್ಯಕ್ಷರು ದೊಡ್ಡ ಮನಸ್ಸಿನಿಂದ ಎನ್ನುವ ಹಾಗೆ, "ಆಟದಲ್ಲಿ ಇದೆಲ್ಲ ಇದ್ದಿದ್ದೇ ಕಣ್ರೀ. ನಮ್ ಸ್ವಾಮೀನ ನಾವೇ ಎಷ್ಟು ವರ್ಷ ಕರಿಯಾ ಅಂತ ಕರೀತಿದ್ವಿ. ಅವರೇನ್ ದೂರು ಕೊಟ್ರಾ?" ಎಂದರು. ಎಲ್ಲರೂ ನಕ್ಕರು. ಸ್ವಾಮಿ ಸಾರ್ ಕೂಡ ನಕ್ಕರು.

ಡ್ಯಾನಿಯಲ್ ನಗಲಿಲ್ಲ. ನನ್ನ ಕಡೆ ನೋಡಿ ಇಂಗ್ಲಿಷಿನಲ್ಲಿ, "ಸಾರ್, ನೀವು ಅಲ್ಲೇ ಇದ್ರಲ್ಲಾ" ಎಂದ. ನಾನು ಬಿಸ್ಕತ್ತಿನ ತಟ್ಟೆ ನೋಡುತ್ತ ಕೂತೆ. ಸಾಕ್ಷಿ ಇಲ್ಲವೆಂದು ದೂರು ಬಿದ್ದುಹೋಯಿತು. ಅನುಮತಿ ಇಲ್ಲದೆ ಮೈದಾನ ಬಿಟ್ಟು ಹೋದ ತಪ್ಪಿಗೆ ಡ್ಯಾನಿಯಲ್‌ಗೇ ಮೂರು ಪಂದ್ಯ ನಿಷೇಧ. ಆಮೇಲೆ ಅವನು ಆಡಲು ಬರಲೇ ಇಲ್ಲ. ಸ್ವಾಮಿ ಸಾರ್ ಕೂಡ ಮಂಡಿನೋವು ಅಂತ ನೆಪ ಹೇಳಿ ಒಂದೊಂದೇ ಪಂದ್ಯ ಬಿಡುತ್ತ ಬಂದರು.

ಐದಾರು ತಿಂಗಳಾದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಫೋನ್ ಮಾಡಿ ಮನೆಗೆ ಕರೆದರು. ಚರ್ಚಿನಿಂದ ಆಗ ತಾನೇ ಬಂದಿದ್ದರು, ಇಸ್ತ್ರಿ ಮಾಡಿದ ಬಿಳಿ ಅಂಗಿ ಇನ್ನೂ ಮೈಮೇಲಿತ್ತು. ಅವರ ಮನೆಯವರು ಟೀ ತಂದಿಟ್ಟು ಒಳಗೆ ಹೋದರು. ಸಾರ್ ಒಂದು ಕಾಗದ ತೆಗೆದರು.

"ನನಗೆ ಕೇಳಿಸಿತ್ತು ಮಂಜು" ಎಂದರು. "ಆ ಮಾತು ನನಗೆ ಕೇಳಿಸ್ದೇ ಇರುತ್ತಾ? ಚಿಕ್ಕಂದಿನಿಂದ ಅದೇ ತಾನೇ ಕೇಳ್ಕೊಂಡ್ ಬಂದಿರೋದು. ನಿನ್ ಹತ್ರ ಯಾಕ್ ಬಂದೆ ಗೊತ್ತಾ? ಜೊತೆಗೆ ಇನ್ನೊಬ್ರು ಇರ್ಲಿ ಅಂತ. ಒಬ್ನೇ ಬರೆಯೋಕೆ ಧೈರ್ಯ ಆಗ್ಲಿಲ್ಲ." ಕಾಗದವನ್ನು ನನ್ನ ಕೈಗೆ ಕೊಡುತ್ತ, "ಆಮೇಲೆ ಅಲ್ಲಿ ಕೂತ್ಕೊಂಡು ನಕ್ಕೆ ನೋಡು. ಅದೇ ನಿದ್ದೆ ಮಾಡೋಕೆ ಬಿಡಲ್ಲ" ಎಂದರು.

ಅದು ಸಮಿತಿಗೆ ಬರೆದ ಪತ್ರ. ಇಂಗ್ಲಿಷಿನಲ್ಲಿತ್ತು, ದುಂಡಗಿನ ಅಕ್ಷರ. ಆ ಮಾತು ನನಗೆ ಸ್ಪಷ್ಟವಾಗಿ ಕೇಳಿಸಿತ್ತು, ವರದಿಯಲ್ಲಿ ಸುಳ್ಳು ಬರೆದೆ, ಆ ಹುಡುಗನ ಶಿಕ್ಷೆಯನ್ನು ರದ್ದು ಮಾಡಬೇಕು ಎಂದೆಲ್ಲ ಬರೆದಿದ್ದರು. ಕೊನೆಗೆ ಒಂದು ಸಾಲಿತ್ತು. ನನ್ನ ಲೈನ್ಸ್‌ಮನ್ ಆ ಹೊತ್ತಿಗೆ ದೂರದಲ್ಲಿದ್ದರು, ಅವರಿಗೆ ಕೇಳಿಸುವ ಸಾಧ್ಯತೆ ಇರಲಿಲ್ಲ.

ನಾನು ಓದಿ ಮುಗಿಸುವವರೆಗೆ ಅವರು ಕಾದರು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಕಲ್ಲುಬೆಂಚಿನ ಮೇಲೆ ಕೇಳುತ್ತಿದ್ದ ಅದೇ ದನಿಯಲ್ಲಿ ಕೇಳಿದರು.

"ಏನಾದ್ರೂ ತಪ್ಪಿದ್ಯಾಪ್ಪಾ?"

ಏನು ಕೇಳುತ್ತಿದ್ದಾರೆಂದು ನನಗೆ ಗೊತ್ತಿತ್ತು. ನನಗೆ ಗೊತ್ತಿದೆಯೆಂದು ಅವರಿಗೂ ಗೊತ್ತಿತ್ತು. ಒಳಗೆ ಕುಕ್ಕರ್ ಕೂಗಿತು. ಟೀ ಮೇಲೆ ಕೆನೆ ಕಟ್ಟಿತು. ಅವರು ನನ್ನ ಮುಖ ನೋಡುವುದನ್ನು ಬಿಟ್ಟು ನನ್ನ ಬಲಗೈಯನ್ನೇ ನೋಡುತ್ತಿದ್ದರು, ಬಾವುಟ ಹಿಡಿಯುವ ಕೈಯನ್ನು.

"ಇಲ್ಲ ಸಾರ್, ಎಲ್ಲ ಸರಿಯಾಗಿದೆ" ಎಂದೆ.

"ಸರಿ" ಎಂದು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡರು. ಬಾಗಿಲವರೆಗೆ ಬಂದು ಕಳಿಸಿಕೊಟ್ಟರು. ಅವರನ್ನು ನಾನು ಕಡೆಯ ಸಲ ನೋಡಿದ್ದು ಅದೇ.

ಪತ್ರಕ್ಕೆ, ಮುಗಿದ ವಿಷಯ ಮತ್ತೆ ತೆರೆಯಲಾಗದು ಎಂದು ಸಮಿತಿಯ ಉತ್ತರ ಬಂತಂತೆ. ರೆಫರಿಗಳ ಪಟ್ಟಿಯಿಂದ ಅವರ ಹೆಸರೂ ಹೋಯಿತು. ಮಳೆಗಾಲದಲ್ಲಿ ಜ್ವರ ಬಂದು, ಎದೆಗೆ ಇಳಿದು, ನಾಲ್ಕೇ ದಿನದಲ್ಲಿ ಹೋಗಿಬಿಟ್ಟರು. ನಾನು ಈಗಲೂ ಭಾನುವಾರಗಳಂದು ಬಾವುಟ ಹಿಡಿಯುತ್ತೇನೆ. ಆಟ ಮುಗಿದ ಮೇಲೆ ಆ ಕಲ್ಲುಬೆಂಚಿನ ಕಡೆ ಹೋಗುವುದಿಲ್ಲ. ಹೋಗದಿದ್ದರೂ ಲೇಸು ಬಿಡಿಸುವುದು, ಬೆರಳು ಮಡಿಸುವುದು ಕಣ್ಣಿಗೆ ಕಟ್ಟುತ್ತದೆ.

ಮಣ್ಣು ಮಾಡುವ ದಿನ ಡ್ಯಾನಿಯಲ್ ಬಂದಿದ್ದ. ಜನರ ಹಿಂದೆ ಒಬ್ಬನೇ ನಿಂತಿದ್ದವನು, ಎಲ್ಲ ಮುಗಿದ ಮೇಲೆ ನಾನಿದ್ದಲ್ಲಿಗೇ ನಡೆದು ಬಂದ. ಅವನು ಕೈ ಚಾಚಿದ. ಸ್ವಾಮಿ ಸಾರ್ ಬಸ್ಸು ಹತ್ತಿ ಕೆ.ಆರ್. ಪುರಕ್ಕೆ, ತನ್ನ ಕೋಣೆಗೇ ಬಂದು ಕ್ಷಮೆ ಕೇಳಿದರು ಎಂದು ಹೇಳಿದ. ನಂತರ ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ನೀವು ತುಂಬಾ ದೂರದಲ್ಲಿದ್ರಿ, ನಿಮಗೆ ಕೇಳಿಸಿರ್ಲಿಲ್ಲ ಅಂತ ಹೇಳಿದ್ರು ಸಾರ್. ಅವತ್ತು ಸಮಿತೀಲಿ ಎಲ್ಲರ ಮುಂದೆ, ನೀವು ಅಲ್ಲೇ ಇದ್ರಲ್ಲಾ ಅಂದಿದ್ದಕ್ಕೆ ಕ್ಷಮಿಸಿ."

ಪರವಾಗಿಲ್ಲ, ಎಂದೆ ನಾನು.