ಪೈಪು ಹಿಡಿದು ನಿಂತಿದ್ದ ಅಕ್ಕ

ಭಾವನ ನೆನಪಾದರೆ ನನಗೆ ಮೊದಲು ಬರುವುದು ನಾತ. ಎಣ್ಣೆಯದು, ವಾಂತಿಯದು. ನಮ್ಮ ಕಡೆ ಭತ್ತಕ್ಕೆ ಹೊಡೆಯುವ ಕ್ರಿಮಿನಾಶಕಕ್ಕೆ ಎಣ್ಣೆ ಎಂದೇ ಹೆಸರು.

ಅಕ್ಕನ ಮಗಳು ಜ್ವರದಲ್ಲಿ ತೀರಿಕೊಂಡ ದಿನ ಭಾವ ಮಸ್ಕಿಯಲ್ಲಿ ಇನ್ನೊಬ್ಬ ಹೆಂಗಸಿನ ಮನೆಯಲ್ಲಿದ್ದ. ಫೋನು ಆಫ್ ಆಗಿತ್ತು. ಮಣ್ಣು ಮಾಡುವ ಹೊತ್ತಿಗೆ ಬಂದ, ಅಂಗಿಗೆ ಹಚ್ಚಿಕೊಂಡಿದ್ದ ಅತ್ತರಿನ ಸಮೇತ. ಅಕ್ಕ ಅವನ ಜೊತೆ ಮಾತು ಬಿಟ್ಟಳು, ಮನೆ ಬಿಡಲಿಲ್ಲ. ಲಿಂಗಸುಗೂರಿನ ನಮ್ಮ ಮನೆಗೆ ಬಂದುಬಿಡು ಎಂದರೆ, ಈ ಗೊರೇಬಾಳದ ಗದ್ದೆ ನಾಟಿ ಮಾಡಿದವಳು ನಾನು, ಯಾಕೆ ಬರಲಿ ಎನ್ನುತ್ತಿದ್ದಳು.

ಎಣ್ಣೆ ಹೊಡೆಯುವಾಗ ಅವನು ಗದ್ದೆಯೊಳಗೆ, ಅವಳು ಬದುವಿನ ಮೇಲೆ, ಪಂಪಿನ ಇಂಜಿನ್ ಪಕ್ಕ ಎಣ್ಣೆಯ ಪೈಪು ಹಿಡಿದು. ಅವನು ಜಗ್ಗಿದರೆ ಇವಳು ಬಿಡಬೇಕು, ಇವಳು ಜಗ್ಗಿದರೆ ಅವನು ತಿರುಗಬೇಕು. ಗಂಡ ಹೆಂಡತಿಯ ನಡುವೆ ಉಳಿದಿದ್ದ ಮಾತು ಅಷ್ಟೇ.

ಅಕ್ಕನ ಮನೆಗೆ ಬಂದಿದ್ದ ನಾನು ಅವತ್ತು ಗದ್ದೆಗೆ ಬುತ್ತಿ ಒಯ್ದಿದ್ದೆ. ಎದುರುಗಾಳಿ ಇತ್ತು. ಭಾವ ಮುಖಕ್ಕೆ ಬಟ್ಟೆ ಕಟ್ಟಿರಲಿಲ್ಲ. ಪೈಪು ಸಡಿಲಾಯಿತು, ಅವನು ಭತ್ತದೊಳಗೆ ಕುಸಿದದ್ದು ಇಬ್ಬರಿಗೂ ಕಂಡಿತು. ಅಕ್ಕ ಕದಲಲಿಲ್ಲ. ಇಂಜಿನ್ ಓಡುತ್ತಲೇ ಇತ್ತು. ನಾನು ಕೂಗಿದೆನೋ ಇಲ್ಲವೋ, ಈಗಲೂ ಗೊತ್ತಿಲ್ಲ. ಕಣ್ಣು ಮುಚ್ಚಿದರೆ ಹಾಗೆ ನಿಂತ ಅಕ್ಕನೇ ಕಾಣುತ್ತಾಳೆ. ಇನ್ನೊಂದಿಷ್ಟು ಹೊತ್ತು ಹಾಗೇ ನಿಂತುಬಿಟ್ಟಿದ್ದರೆ?

ಆಮೇಲೆ ಪೈಪು ಎಸೆದು ಕೆಸರಿಗಿಳಿದಳು. ಅವನನ್ನು ಕಾಲುವೆವರೆಗೆ ಎಳೆದು ತಂದು, ಅಂಗಿ ಹರಿದು ತೆಗೆದು, ಕೈ ತೊಳೆಯಲು ತಂದಿದ್ದ ಸಾಬೂನು ಹಚ್ಚಿ ಮೈ ತಿಕ್ಕಿದಳು. ಅವನು ಅವಳ ಮಡಿಲಲ್ಲೇ ವಾಂತಿ ಮಾಡಿಕೊಂಡ. ಉಚ್ಚೆಯೂ ಹೋಯಿತು. ಆ ಹೆಂಗಸಿನ ಹತ್ತಿರ ಏನೇನು ಆಡಿತ್ತೋ ಆ ಬಾಯಿ, ಅದರೊಳಗೆ ಅಕ್ಕ ಬೆರಳು ಹಾಕಿ ವಾಂತಿ ಬಳಿದು ತೆಗೆಯುತ್ತಿದ್ದಳು. ನಾನು ಮುಖ ತಿರುಗಿಸಿದೆ. ಆಟೋದಲ್ಲಿ ಸಿಂಧನೂರಿನ ಆಸ್ಪತ್ರೆ ಮುಟ್ಟುವ ತನಕ ಮೂಗು ಮುಚ್ಚಿಕೊಂಡೇ ಕೂತಿದ್ದೆ.

ಭಾವ ಬದುಕುತ್ತಾನೆ ಎಂದು ಡಾಕ್ಟರು ಹೇಳಿದ ಮೇಲೆ, ಇಂಥವನನ್ನು ಯಾಕೆ ಉಳಿಸಿದೆ ಎಂದು ಅಕ್ಕನನ್ನು ಕೇಳಿಯೇಬಿಟ್ಟೆ.

"ನನ್ನ ಮಗಳು ಹೆಂಗ ನಗ್ತಿದ್ಲು ಅನ್ನೂದು ನನ್ನಷ್ಟ ಗೊತ್ತಿರಾಂವ ಅವನೊಬ್ಬನ ಅದಾನ," ಎಂದಳು. "ಅವನೂ ಹೋದ್ರ ಯಾರ ಕೂಡ ಮಾತಾಡ್ಲಿ?"

ಈಗ ಮಾತಾಡುತ್ತಾರೆ. ಮಗಳ ಸುದ್ದಿ ಅವನು ತಪ್ಪು ಹೇಳಿದರೆ ಅಕ್ಕ ತಿದ್ದುತ್ತಾಳೆ, ಒಮ್ಮೊಮ್ಮೆ ನಗುತ್ತಾಳೆ. ಮೊನ್ನೆ ಊಟಕ್ಕೆ ಕೂತಾಗ ಭಾವ ತನ್ನ ರೊಟ್ಟಿ ಮುರಿದು ಅವಳ ಗಂಗಾಳಕ್ಕೆ ಹಾಕಿದ. ನಾನು ಎತ್ತಿದ ತುತ್ತನ್ನು ಗಂಗಾಳಕ್ಕೇ ಇಟ್ಟೆ. ಅಕ್ಕ ನನ್ನನ್ನು ನೋಡಿದಳು.

"ನಿನಗ ಹೇಸಿಗಿ ಬರ್ತೈತಿ, ಗೊತ್ತೈತಿ ನನಗ. ನನಗೂ ಬರ್ತೈತಿ, ತಂಗಿ."

ಭಾವ ತಲೆ ತಗ್ಗಿಸಿದ. ಅಕ್ಕ ಆ ರೊಟ್ಟಿಯಲ್ಲೇ ಪಲ್ಯ ಹಿಡಿದು ಬಾಯಿಗಿಟ್ಟುಕೊಂಡಳು.