‘ನಾಲಾಯಕ್’ ಬಿಡಿಸಿ ಬರೆಯಿರಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಇದರಲ್ಲಿ ತಪ್ಪು ಮಾಡಿದವಳು ನಾನು. ಆ ತಪ್ಪಿನಿಂದ ನನ್ನನ್ನು ಕಾಪಾಡಿದವಳು ಅಕ್ಷರ ಬಾರದ ಒಬ್ಬ ಮುದುಕಿ.

ಗುಡಗೇರಿಯಲ್ಲಿ ಇಳಿದು ಟಂಟಂ ಆಟೋ ಹತ್ತಿದರೆ ಅರ್ಧ ತಾಸಿಗೆ ನಾನು ಟೀಚರಾಗಿರುವ ಶಾಲೆ. ಆ ವರ್ಷ ನಾಲ್ಕನೆಯ ತರಗತಿ ನನ್ನದು. ಮಳೆಗಾಲದ ಒಂದು ದಿನ ಮೇಲಿನವರೊಬ್ಬರು ತಪಾಸಣೆಗೆ ಬಂದರು. ಮುಂದಿನ ಸಾಲಿನ ಎರಡು ಜಡೆಯ ಹುಡುಗಿಯನ್ನು ಎಬ್ಬಿಸಿ, ನಿಮ್ಮ ಊರಿನ ಹೆಸರು ಬರಿ ಎಂದರು. ದಿನಾ ಬರೆಯುವ ಹುಡುಗಿ! ಆವತ್ತು ಸುಣ್ಣದ ಕಡ್ಡಿ ಹಿಡಿದು ನಿಂತವಳು ನಿಂತೇ ಬಿಟ್ಟಳು. ಬಂದವರು ನನ್ನ ಕಡೆ ನೋಡಿ ಸಣ್ಣಗೆ ನಕ್ಕರು ಅಷ್ಟೆ. ಅವರ ಗಾಡಿ ಕೆಸರು ಹಾರಿಸಿಕೊಂಡು ಹೋಗುವುದೇ ತಡ, ನನ್ನ ಅವಮಾನವೆಲ್ಲ ಆ ಹುಡುಗಿಯ ಮೇಲೆ ಸುರಿಯಿತು. “ನಾಲಾಯಕ್! ಕುಂಡ್ರು ಕೆಳಗ!” ಅಂದೆ.

ರಾತ್ರಿ ಅನ್ನ ಸೇರಲಿಲ್ಲ. ನಾಳೆ ಅವಳು ಬರಲಿಕ್ಕಿಲ್ಲ ಅನಿಸಿತು. ಆದರೆ ಮರುದಿನ ನನಗಿಂತ ಮೊದಲೇ ಬಂದು, ತಲೆಗೆ ಎಣ್ಣೆ ಹಚ್ಚಿಕೊಂಡು, ಅದೇ ಮುಂದಿನ ಸಾಲಿನಲ್ಲಿ ನಗುತ್ತಾ ಕೂತಿದ್ದಳು. ಬೋರ್ಡಿನ ಮೇಲೆ ಊರಿನ ಹೆಸರನ್ನು ದಪ್ಪಗೆ ಬರೆದೂ ಇಟ್ಟಿದ್ದಳು. ಮಕ್ಕಳಲ್ಲವೆ, ಮರೆತುಬಿಡುತ್ತವೆ ಅಂದುಕೊಂಡೆ. ಎಂಥ ಸುಲಭದ ಸಮಾಧಾನ ನನ್ನದು!

ಚಳಿಗಾಲಕ್ಕೆ ಪಾಠ ವಿರುದ್ಧ ಪದಗಳಿಗೆ ಬಂತು. ಪದದ ತಲೆಗೆ ‘ಅ’ ಅಂಟಿಸಿದರೆ ಅರ್ಥ ತಿರುಗಿ ಬೀಳುತ್ತದೆ ಎಂದು ಹೇಳಿಕೊಟ್ಟೆ. ನ್ಯಾಯ, ಅನ್ಯಾಯ. ಶುದ್ಧ, ಅಶುದ್ಧ. ಸ್ವರ ಬಂದರೆ ‘ಅನ್’ ಆಗುತ್ತದೆ: ಉಚಿತ, ಅನುಚಿತ. ಅಯ್ಯೋ, ಮಂಗನ ಕೈಯಲ್ಲಿ ಮಾಣಿಕ್ಯ ಕೊಟ್ಟಂತಾಯಿತು. ಎರಡು ದಿನ ಕಂಡದ್ದಕ್ಕೆಲ್ಲ ‘ಅ’ ಹಚ್ಚಿದರು. ರೊಟ್ಟಿ ತರದವರದು ‘ಅರೊಟ್ಟಿ’. ಬಿಸಿಯೂಟದ ಗಂಟೆ ತಡವಾದರೆ, “ಟೀಚರ್ರಿ, ಇವತ್ತ ಅನೂಟ ಏನ್ರಿ?” ನಿಯಮದ ಪ್ರಕಾರ ತಪ್ಪೆನ್ನುವಂತೆಯೂ ಇಲ್ಲ!

ಮೂರನೆಯ ದಿನ ಒಬ್ಬಳು ಕೇಳಿದಳು: “ಪಾಸಿಗೆ ಅಪಾಸ್ ಅನ್ನೂದಿಲ್ಲಲ್ರಿ, ನಾಪಾಸ್ ಅಂತಾರಲ್ರಿ?” ನನಗೆ ಅಗದಿ ಖುಷಿಯಾಯಿತು. ಪುಸ್ತಕದಲ್ಲಿಲ್ಲದ್ದು, ನಮ್ಮ ಕಡೆ ಎಲ್ಲರ ಬಾಯಲ್ಲಿರುವುದು. ಬಣ್ಣದ ಕಡ್ಡಿಯಲ್ಲಿ ‘ನಾ’ ಎಂದು ದೊಡ್ಡದಾಗಿ ಬರೆದೆ. ಇದೂ ‘ಅ’ದ ಹಾಗೆಯೇ, ಇಲ್ಲ ಅನ್ನುವ ಅರ್ಥ ಕೊಡುತ್ತದೆ ಎಂದೆ. ಪತ್ತೆ, ನಾಪತ್ತೆ. “ಇನ್ನ ಯಾರ ಹೇಳ್ತೀರಿ?”

“ನಾಷ್ಟಾ ರಿ! ಷ್ಟಾ ಇಲ್ಲದ್ದು!” ಅಂತ ಒಂದು ದನಿ. ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು, ನಾನೂ ನಕ್ಕೆ. ಆ ನಗುವಿನ ನಡುವೆಯೇ ಹಿಂದಿನಿಂದ ಇನ್ನೊಂದು ದನಿ ಬಂತು: “ನಾಲಾಯಕ್ ರಿ!”

ನನ್ನ ನಗು ಅಲ್ಲೇ ನಿಂತಿತು. ಮುಂದಿನ ಸಾಲಿನಲ್ಲಿ ಎರಡು ಜಡೆಯ ಹುಡುಗಿ ಎದ್ದು ನಿಂತಿದ್ದಳು.

“ಅದು ಇದರಾಗ ಬರೂದಿಲ್ರಿ ಟೀಚರ್. ಅದರಾಗ ‘ನಾ’ ಬ್ಯಾರೆ, ‘ಲಾಯಕ್’ ಬ್ಯಾರೆ. ನಾ ಲಾಯಕ್ ಅದೀನಿ ಅಂತ ಅದರ ಅರ್ಥ. ನಮ್ಮಜ್ಜಿ ಹೇಳ್ಯಾಳ. ನೀವಽ ನನಗ ಅಂದಿದ್ರಲ್ರಿ!”

ಆ ಮುಖದಲ್ಲಿದ್ದ ಹೆಮ್ಮೆಯನ್ನು ಏನೆಂದು ಬರೆಯಲಿ. ಆರು ತಿಂಗಳು ಅವಳು ನನ್ನ ಬೈಗುಳವನ್ನು ಬಹುಮಾನದಂತೆ ಇಟ್ಟುಕೊಂಡಿದ್ದಳು. ಹಿಂದಿನ ಸಾಲಿನಲ್ಲಿ ಕಿಸಿಕಿಸಿ ಶುರುವಾಯಿತು. ಹೌದಮ್ಮಾ, ನೀನು ಹೇಳಿದ್ದೇ ಸರಿ ಅಂದುಬಿಡಬಹುದಿತ್ತು. ಆದರೆ ಗಂಟೆ ಬಾರಿಸಿದೊಡನೆ ಬಯಲಿನಲ್ಲಿ ಯಾರಾದರೂ ನಿಜ ಹೇಳಿ ನಗುತ್ತಿದ್ದರು. ಅದಕ್ಕಿಂತ ನಾನೇ ಹೇಳುವುದು ಮೇಲು ಅನಿಸಿತು.

“ಲಾಯಕ್ ಇಲ್ಲದವರಿಗೆ ಹಂಗ ಅಂತಾರವ್ವ. ಆವತ್ತ ಸಿಟ್ಟಿನಾಗ ಅಂದೆ. ನಂದು ತಪ್ಪಾತು,” ಎಂದೆ.

ಅವಳು ಬೋರ್ಡಿನ ಮೇಲಿನ ‘ನಾ’ ಕಡೆ ನೋಡಿದಳು. “ಹಂಗಾರ ನಮ್ಮಜ್ಜಿ ಸುಳ್ಳ ಹೇಳಿದ್ಲೇನ್ರಿ?”

“ಇಲ್ಲ. ನೀ ಲಾಯಕ್ ಅದಿ ಅನ್ನೂದು ಖರೆ. ಸುಳ್ಳ ಅಂದಾಕಿ ನಾ,” ಅಂದೆ. ಅವಳಿಗೆ ಅದು ಸಾಕಾಗಲಿಲ್ಲ. ಕೂತಳು. ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ಮೂರನೆಯ ದಿನ ಶಾಲೆ ಬಿಟ್ಟ ಮೇಲೆ ಅವರ ಮನೆಗೆ ಹೋದೆ. ಅಪ್ಪ ಅವ್ವ ಹೊಲದಿಂದ ಬಂದಿರಲಿಲ್ಲ. ಅಂಗಳದಲ್ಲಿ ಅಜ್ಜಿಯೊಬ್ಬಳೇ ಕೆಂಪು ಮೆಣಸಿನಕಾಯಿ ರಾಶಿಯ ಮುಂದೆ ಕೂತು ತೊಟ್ಟು ಬಿಡಿಸುತ್ತಿದ್ದಳು. “ಬರ್ರಿ ಅಕ್ಕೋರ, ಕುಂಡ್ರ ಬರ್ರಿ,” ಎಂದು ಗೋಣಿಚೀಲ ಹಾಸಿದಳು. ನಾನೂ ನಾಲ್ಕು ಕಾಯಿ ಕೈಗೆತ್ತಿಕೊಂಡೆ.

“ಅಜ್ಜೀ, ಆ ಮಾತಿನ ಅರ್ಥ ನಿಮಗ ಗೊತ್ತಿರಲಿಲ್ಲೇನು?”

“ಗೊತ್ತಿಲ್ದ ಏನ್ರಿ! ನಮ್ಮತ್ತಿ ನನಗ ಹೆಸರ ಹಿಡದ ಕರದದ್ದಽ ಇಲ್ಲ. ಅದಽ ನನ್ನ ಹೆಸರಾಗಿತ್ತು.” ಅಜ್ಜಿ ನಕ್ಕಳು. ಕೈ ನಿಲ್ಲಲಿಲ್ಲ. “ಹುಡುಗಿ ಅಳಕೋತ ಬಂದು, ಏನಬೇ ಹಂಗಂದ್ರ, ಅಂತ ಕೇಳಿತು. ಮರದಿನ ಸಾಲಿಗೆ ಬರಬೇಕಲ್ರಿ ಅದು? ನಿಮ್ಮ ಮುಂದಽ ಕುಂಡ್ರಬೇಕಲ್ರಿ? ಮತ್ತೇನ ಹೇಳ್ಲಿ? ನೀವೂ ಕೆಟ್ಟವರಲ್ಲ. ಹ್ವಾದ ವರ್ಷ ಅದಕ್ಕ ಜ್ವರ ಬಂದಾಗ ಮನೀತನಕ ಬಂದಿದ್ರಿ. ಒಂದ ಮಾತಿಗೆ ನಿಮ್ಮನ್ನ ಕಳಕೊಂಡರ ಅದಕ್ಕಽ ನುಕಸಾನ.”

ನನಗೆ ದುಃಖ ಒತ್ತಿ ಬಂತು. ಮೊಮ್ಮಗಳನ್ನಷ್ಟೇ ಅಲ್ಲ, ಮೊಮ್ಮಗಳ ಕಣ್ಣಿನಲ್ಲಿ ನನ್ನನ್ನೂ ಕಾಪಾಡಿದ್ದಳು ಈ ತಾಯಿ. ಕೈ ಕಣ್ಣಿಗೆ ಹೋಯಿತು.

“ಏ ಅಕ್ಕೋರ! ಖಾರದ ಕೈ! ಕಣ್ಣ ಮುಟ್ಕೋಬ್ಯಾಡ್ರಿ!” ಎಂದು ಮೊಣಕೈ ಹಿಡಿದು ಜಗ್ಗಿದಳು. ಆಮೇಲೆ ನೀರು ತರಲು ಕೂಗಿದಳು.

ಚೆಂಬು ಹಿಡಿದು ಬಂದವಳು ಎರಡು ಜಡೆಯವಳೇ. ಬಾಗಿಲ ಮರೆಯಲ್ಲಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಚೆಂಬು ನನ್ನ ಕೈಗೆ ಕೊಟ್ಟು ಕೇಳಿದಳು: “ಟೀಚರ್ರಿ, ಪರೀಕ್ಷಾದಾಗ ಬಿಡಿಸಿ ಬರೀರಿ ಅಂದ್ರ ಯಾವದ ಬರೀಲ್ರಿ? ಅಜ್ಜಿದೋ, ನಿಮ್ಮದೋ?”

“ಅಜ್ಜಿ ಹೇಳಿದ್ದನ್ನ ಬರಿ. ಪೂರಾ ಅಂಕ ಕೊಡ್ತೀನಿ,” ಅಂದೆ. ಮನಸ್ಸಾರೆ ಅಂದೆ.

ಅಜ್ಜಿಗೆ ಸಿಟ್ಟು ಬಂತು. ತೊಟ್ಟು ಬಿಡಿಸುವುದನ್ನು ಬಿಟ್ಟು ನನ್ನನ್ನು ನೋಡಿದಳು.

“ಏನ ಮಾತಂತ ಆಡ್ತೀರಿ ಅಕ್ಕೋರ! ಪರೀಕ್ಷಾದಾಗ ನೀವು ಕಲಿಸಿದ್ದಽ ಬರೀಲಿ. ತಪ್ಪ ಬರಸಾಕ ಸಾಲಿಗೆ ಕಳಸ್ತೀನೇನ? ನಾ ಹೇಳಿದ್ದು ಬರ್ಯಾಕಲ್ರಿ. ಯಾರರ ಮತ್ತ ಹಂಗಂದಾಗ ಮನಸಿನಾಗ ಅಂದ್ಕೊಳ್ಳಾಕ.”